ಸಹಾಯ ಬೇಕು: ಹೃದಯದ ಸ್ನಾಯು ತನ್ನ ಬಲವನ್ನು ಹೆಚ್ಚಿಸಿಕೊಳ್ಳುವ ಬಗೆ

ಗುಂಪಿನ ಹಿರಿಯರಿಗೂ ವೈದ್ಯ ಮಿತ್ರರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದೇನೆ. ಭಾರ ಹೆಚ್ಚಿದಂತೆ ತೋಳಿನ ಸ್ನಾಯುವಿನಲ್ಲಿ ಹೆಚ್ಚು ತಂತುಗಳು ಕೆಲಸಕ್ಕಿಳಿಯುತ್ತವೆ; ಆದರೆ ಹೃದಯದ ಸ್ನಾಯುಕೋಶಗಳು ಪರಸ್ಪರ ವಿದ್ಯುತ್ ಸಂಪರ್ಕದಲ್ಲಿರುವುದರಿಂದ ಪ್ರತಿ ಬಡಿತದಲ್ಲೂ ಎಲ್ಲವೂ ಸಂಕುಚಿಸುತ್ತವೆ. ಹಾಗಿದ್ದರೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುವ ಹೃದಯ, ಓಡುವಾಗ ಅದರ ಮೂರು ನಾಲ್ಕು ಪಟ್ಟು ತಳ್ಳುವುದು ಹೇಗೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಾಳೆ. ಒಳ್ಳೆಯ ಪ್ರಶ್ನೆ, ಬಡಿತದ ವೇಗ ಹೆಚ್ಚುವುದು ಉತ್ತರದ ಒಂದು ಭಾಗ ಮಾತ್ರ. ಮರಳಿ ಬರುವ ರಕ್ತ ಹೆಚ್ಚಿ ಹೃತ್ಕುಕ್ಷಿಯ (ರಕ್ತವನ್ನು ಹೊರತಳ್ಳುವ ಹೃದಯದ ಕೆಳಕೋಣೆಯ) ಗೋಡೆ ಹಿಗ್ಗಿದಂತೆ ಮುಂದಿನ ಸಂಕೋಚನ ಬಲವಾಗುತ್ತದೆಂಬ ಫ್ರಾಂಕ್-ಸ್ಟಾರ್ಲಿಂಗ್ ನಿಯಮವನ್ನೂ, ಅಡ್ರಿನಲಿನ್ ಪ್ರಭಾವದಿಂದ ಕೋಶದೊಳಗೆ ಹೆಚ್ಚು ಕ್ಯಾಲ್ಸಿಯಂ ಬಿಡುಗಡೆಯಾಗಿ ಸ್ನಾಯುವನ್ನು ಸಂಕುಚಿಸುವ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ಎಳೆಗಳ ನಡುವೆ ಹೆಚ್ಚು ಕೊಂಡಿಗಳು ಏರ್ಪಡುವುದನ್ನೂ ವಿವರಿಸಿದ್ದೇನೆ. ಹಿಗ್ಗಿದ ಸ್ನಾಯುಕೋಶ ಅಷ್ಟೇ ಕ್ಯಾಲ್ಸಿಯಂಗೆ ಹೆಚ್ಚು ಬಲದಿಂದ ಸ್ಪಂದಿಸುವುದೇಕೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ, ಸಾಧ್ಯವಾದರೆ ಚಿತ್ರಸಮೇತ, ಯಾರಾದರೂ ಬರೆದುಕೊಡಬಲ್ಲಿರಾ? ದಾವಣಗೆರೆಯ ವೈದ್ಯಕೀಯ ಕಾಲೇಜುಗಳಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುವವರು ಶನಿವಾರ ಬೆಳಗಿನ ತರಗತಿಗೆ ಬರಲು ಒಪ್ಪಿದರೆ ಜಗಳೂರು ಬಸ್ ನಿಲ್ದಾಣದಿಂದ ಕರೆತರುವ ವ್ಯವಸ್ಥೆ ಮಾಡುತ್ತೇನೆ.