ಇಡ್ಲಿ ತಟ್ಟೆಗೆ ಬಟ್ಟೆ ಬದ್ಲು ಪ್ಲಾಸ್ಟಿಕ್ ಹಾಳೆ, ಏನ್ ಮಾಡೋದು?

ನಮ್ ಏರಿಯಾ ತಿಂಡಿ ಗಾಡೀಲಿ ಇನ್ನೂ ಪ್ಲಾಸ್ಟಿಕ್ ಹಾಳೆ ಮೇಲೇನೇ ಹಿಟ್ಟು ಹುಯ್ದು ಬೇಯಿಸ್ತಾರೆ, ಮಗಳಿಗೆ ದಿನಾ ಅಲ್ಲಿಂದಾನೇ ಕಟ್ಟಿಸ್ಕೊಂಡು ಬರ್ತಿದ್ದೆ, ಈಗ ತುಂಬಾ ಭಯ ಆಗ್ತಿದೆ. ಇದು ಬ್ಯಾನ್ ಅಲ್ವಾ?

ಉತ್ತರ 1: ಹೌದು ಮೇಡಂ, 2025ರ ಫೆಬ್ರವರೀಲೇ ಆರೋಗ್ಯ ಇಲಾಖೆ ಬೇಡ ಅಂದಿದೆ, ಬಿಸಿ ಹಬೆಗೆ ಪ್ಲಾಸ್ಟಿಕ್‌ನಲ್ಲಿರೋ ಕೆಮಿಕಲ್ ಇಡ್ಲಿಗೆ ಇಳಿಯುತ್ತೆ ಅಂತ. 2024ರಲ್ಲಿ ಗೋಬಿ, ಬಾಂಬೆ ಮಿಠಾಯಿ ಕಲರ್‌ಗೂ ಹೀಗೇ ಮಾಡಿದ್ರು.

ಉತ್ತರ 2: ಕಂಪ್ಲೇಂಟ್‌ಗಿಂತ ಮೊದ್ಲು ಅವ್ರ ಹತ್ರಾನೇ ಮಾತಾಡಿ. ನಮ್ ಬೀದಿ ಅಣ್ಣ ಬಟ್ಟೆ ಒಗೆಯೋಕೆ ನೀರೆಲ್ಲಿ ತರ್ಲಿ ಅಂದ್ರು, ಅದೂ ನಿಜಾನೇ, ಆಮೇಲೆ ತಟ್ಟೆಗೆ ಎಣ್ಣೆ ಸವರಿ ಹುಯ್ಯೋಕೆ ಶುರು ಮಾಡಿದ್ರು, ಈಗ ಚೆನ್ನಾಗೇ ಬಿಡ್ತಿದೆ.

ಉತ್ತರ 3: ಪಾರ್ಸಲ್‌ಗೆ ಸ್ಟೀಲ್ ಡಬ್ಬಿ ತಗೊಂಡ್ಹೋಗಿ, ನ್ಯೂಸ್‌ಪೇಪರ್ ಇಂಕೂ ಹೊಟ್ಟೆಗೆ ಹೋಗುತ್ತೆ. ಕೇಳ್ಲಿಲ್ಲಾಂದ್ರೆ ಫುಡ್ ಸೇಫ್ಟಿ ಕನೆಕ್ಟ್ ಆಪಲ್ಲಿ ಫೋಟೋ ಸಮೇತ ಹಾಕಿ.