ತೋಟಕ್ಕೆ ರೋಗ ಬಂದಿದ್ಯಾ ಅಂತ ನೋಡೋಕೇ ಹೆದ್ರಿಕೆ, ದಿನಾ ನಾಳೆ ನಾಳೆ ಅಂತಿದೀನಿ, ಎಂತ ಮಾಡೋದು?

ಮೇಲಿನತೋಟ (ತೀರ್ಥಹಳ್ಳಿ ಕಡೆ)
ಇದು ಅಡಿಕೆ ಪ್ರಶ್ನೆನೋ ತಲೆ ಪ್ರಶ್ನೆನೋ ನಂಗೇ ಗೊತ್ತಾಗ್ತಿಲ್ಲ. ಬೆಂಗಳೂರು ಕೆಲ್ಸ ಬಿಟ್ಟು ಊರಿಗೆ ಬಂದಿದೀನಿ, ಅಪ್ಪಯ್ಯಂಗೆ ಮಂಡಿನೋವು, ಗುಡ್ಡ ಹತ್ತೋಕಾಗಲ್ಲ, ಹಂಗಾಗಿ ತೋಟ ಪೂರ್ತಿ ನನ್ನ ತಲೆ ಮೇಲೆ. ಪಕ್ಕದವ್ರ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಕೆಳಗಿನ ಸೋಗೆ (ಅಡಿಕೆ ಗರಿ) ಎಲ್ಲ ಸುಟ್ಟಂಗಾಗಿದೆ, ನಮ್ಮ ಮೇಲಿನ ತೋಟ ಅವ್ರ ಬೇಲಿಗೆ ತಾಗ್ಕೊಂಡೇ ಇರೋದು. ಹೋಗಿ ನೋಡ್ಬೇಕು ಅಂತ ಬೆಳಿಗ್ಗೆ ಬೂಟ್ಸ್ ಹಾಕ್ಕೊಂಡು ಹೊರಡ್ತೀನಿ, ಆಮೇಲೆ ಕೆಳಗಿನ ತೋಟದಲ್ಲೇ ಪೈಪ್ ಸರಿ ಮಾಡೋದು, ಬಸಿಗಾಲುವೆ ಬಿಡಿಸೋದು ಅಂತ ಏನೋ ಒಂದು ಹಿಡ್ಕೊಂಡು ಮಧ್ಯಾಹ್ನ ಮಾಡ್ತೀನಿ. ರಾತ್ರಿ ಮಾತ್ರ ಯೂಟ್ಯೂಬಲ್ಲಿ ಎಲೆಚುಕ್ಕೆ ವಿಡಿಯೋ ಒಂದಾದ್ಮೇಲೊಂದು. ಸೊಸೈಟಿಯಿಂದ ಬಂದ ಸಾಲದ ಕಾಗದಾನೂ ಒಡೆದಿಲ್ಲ, ದೇವರ ಗೂಡಿನ ಪಕ್ಕ ಹಂಗೇ ಇದೆ. ಮೈಗಳ್ಳತನ ಅಂತೂ ಅಲ್ಲ, ಕೆಲ್ಸ ಮಾಡ್ತಾನೇ ಇದೀನಿ, ಆದ್ರೆ ಮಾಡ್ಬೇಕಾದ್ದು ಬಿಟ್ಟು ಬೇರೆ ಎಲ್ಲ. ಯಾರಿಗಾದ್ರೂ ಹಿಂಗಾಗುತ್ತಾ?

ಕಾನುಕೋಳಿ
ಹೆದ್ರಿಕೆನೂ ಇಲ್ಲ ಎಂತದೂ ಇಲ್ಲ ಮಾರಾಯ, ಮೊಬೈಲ್ ಬದಿಗಿಟ್ಟು ಹೋಗು. ನಮ್ಮಜ್ಜನ ಕಾಲದಲ್ಲಿ ಅಡಿಕೆ ಕಾಯಿ ಕೊಳೆಸೋ ಕೊಳೆರೋಗಕ್ಕೆ ಹೆದ್ರಿ ಯಾರೂ ಮನೇಲಿ ಕೂತಿರ್ಲಿಲ್ಲ. ಈಗ ಎಲ್ಲದಕ್ಕೂ ಒಂದು ಮಾನಸಿಕ ಕಾರಣ ಬೇಕು.

ಸಾಗರದಕ್ಕ
ಕಾನುಕೋಳಿ ಅವ್ರೇ, ಹೋಗು ಅಂದ್ರೆ ಹೋಗೋ ಹಂಗಿದ್ರೆ ಆ ಹುಡುಗ ಇಲ್ಲಿ ಬರೀತಾನೇ ಇರ್ಲಿಲ್ಲ.

ತಮ್ಮಾ, ನಾನು ಕಾಲೇಜಲ್ಲಿ ಮನಃಶಾಸ್ತ್ರ ಪಾಠ ಮಾಡೋಳು, ನೀನು ಹೇಳಿದ್ದು ನಂಗೆ ಹೊಸದಲ್ಲ, ಪ್ರಾಜೆಕ್ಟ್ ಮುಂದೂಡೋ ಮಕ್ಕಳದ್ದೂ ಇದೇ ಕಥೆ. 1984ರಲ್ಲೇ ಸಾಲೊಮನ್, ರಾತ್‌ಬ್ಲಮ್ ಅನ್ನೋರು ಅಮೆರಿಕದ ವಿದ್ಯಾರ್ಥಿಗಳನ್ನ ಯಾಕೆ ಮುಂದೂಡ್ತೀರಿ ಅಂತ ಕೇಳಿದಾಗ ಎದ್ದು ಕಂಡ ಕಾರಣ ಎರಡು, ಸೋಲ್ತೀನಿ ಅನ್ನೋ ಭಯ ಮತ್ತೆ ಆ ಕೆಲಸದ ಮೇಲಿನ ಬೇಸರ. ನಿನ್ನ ವಿಷಯದಲ್ಲಿ ಗಮನಿಸು, ಗುಡ್ಡ ಹತ್ತೋದು ನಿಂಗೆ ಕಷ್ಟ ಅಲ್ಲ, ಹತ್ತಿದ್ಮೇಲೆ ಗೊತ್ತಾಗೋ ಸುದ್ದಿ ಕಷ್ಟ. ಪೈಪ್ ಕಡೆ ತಿರುಗಿದ ತಕ್ಷಣ ಎದೆ ಹಗುರ ಆಗುತ್ತಲ್ಲ, ಅದೇ ನಿನ್ನ ಮರುದಿನಾನೂ ಅಲ್ಲೇ ಹಿಡಿದು ನಿಲ್ಲಿಸೋದು, ತಪ್ಪಿಸ್ಕೊಂಡ್ರೆ ನೆಮ್ಮದಿ ಸಿಗುತ್ತೆ ಅಂತ ಮನಸ್ಸು ಕಲಿತುಬಿಡುತ್ತೆ. ವಿಡಿಯೋ ಇನ್ನೂ ಮೋಸ, ಅದು ಕೆಲಸ ಮಾಡಿದಂಗೇ ಅನ್ಸುತ್ತೆ.

ಹಂಗಂತ ಕಾನುಕೋಳಿ ಅವ್ರ ಮಾತು ಪೂರ್ತಿ ಸುಳ್ಳಲ್ಲ. ಪಿಯರ್ಸ್ ಸ್ಟೀಲ್ ಅನ್ನೋರು 2007ರಲ್ಲಿ ಅಲ್ಲಿವರೆಗಿನ ಅಧ್ಯಯನ ಎಲ್ಲ ಒಟ್ಟುಹಾಕಿ ನೋಡಿದಾಗ ಬರೀ ಆತಂಕದ ಸ್ವಭಾವಕ್ಕೂ ಮುಂದೂಡೋದಕ್ಕೂ ಅಂಥಾ ದೊಡ್ಡ ನಂಟು ಕಾಣ್ಲಿಲ್ಲ, ಕೆಲಸದ ಮೇಲಿನ ಬೇಸರ, ಮನಸ್ಸು ಬೇರೆ ಕಡೆ ಹಾರೋದು, ಇದು ನನ್ನ ಕೈಲಾಗುತ್ತೆ ಅನ್ನೋ ಧೈರ್ಯ ಇಲ್ದೇ ಇರೋದು, ಇವೇ ಜೋರಾಗಿದ್ವು. ಹೆದರಿಕೆ ಹೋಗ್ಲಿ ಆಮೇಲೆ ಹತ್ತೋಣ ಅಂತ ಕಾಯ್ಬೇಡ. ಕೈಲಾಗೋ ಅಷ್ಟು ಸಣ್ಣದು ಮಾಡ್ಕೋ.

ಹಾಳೆಟೊಪ್ಪಿ (ಹೊಸನಗರ)
ಅಕ್ಕ ಹೇಳಿದ್ದನ್ನ ತೋಟದ ಲೆಕ್ಕದಲ್ಲಿ ಹೇಳ್ತೀನಿ ಕೇಳು. ನೋಡೋದು ಬೇರೆ, ನಿರ್ಧಾರ ಮಾಡೋದು ಬೇರೆ. ನೀನು ಗುಡ್ಡ ಹತ್ತೋಕೆ ಮುಂಚೆನೇ ಔಷಧಿ ಖರ್ಚು, ಆಳು ಸಿಗ್ತಾರಾ, ಸಾಲ ತೀರುತ್ತಾ ಇಲ್ವಾ ಅಂತ ಎಲ್ಲ ಹೊತ್ಕೊಂಡಿರ್ತೀಯ, ಅಷ್ಟು ಭಾರ ಇಟ್ಕೊಂಡು ಯಾರು ಹತ್ತಕ್ಕಾಗುತ್ತೆ. ಮೊದಲ್ನೇ ದಿನ ಬರೀ ನೋಡಿ ಬಾ, ಒಬ್ನೇ ಬೇಡ, ಪಕ್ಕದ ತೋಟದವ್ರನ್ನೇ ಕರ್ಕೊಂಡು ಹೋಗು, ಅವ್ರು ಆಗ್ಲೇ ಕಂಡಿರೋರು. ಬೇಲಿ ಸಾಲಿನ ಮರದ ಕೆಳಗಿನ ಸೋಗೆ ಮಾತ್ರ ನೋಡಿ, ರೋಗ ಮೊದ್ಲು ಕಾಣೋದೇ ಅಲ್ಲಿ. ಸಣ್ಣ ಕಂದು ಚುಕ್ಕೆ, ಸುತ್ತ ಹಳದಿ ಅಂಚು, ಆಮೇಲೆ ಚುಕ್ಕೆ ಒಂದಕ್ಕೊಂದು ಸೇರಿ ಎಲೆ ಒಣಗುತ್ತೆ. ಫೋಟೋ ತಗೊಂಡು ಇಳಿದುಬಿಡಿ, ಅವತ್ತಿನ ಕೆಲಸ ಅಷ್ಟೇ.

ಎಲ್ಲ ಚುಕ್ಕೆನೂ ಎಲೆಚುಕ್ಕೆ ಅಲ್ಲ ಇದೂ ನೆನಪಿರ್ಲಿ, ಗೊಬ್ಬರ ಕಮ್ಮಿಯಾದ್ರೂ ಸೋಗೆ ಹಳದಿ ಆಗುತ್ತೆ. ರೋಗ ಬಿದ್ದ ಸೋಗೆ ಒಂದೆರಡು ಕೊಯ್ದು ಸೀಬಿನಕೆರೆ ಅಡಿಕೆ ಸಂಶೋಧನಾ ಕೇಂದ್ರಕ್ಕೆ ತೋರ್ಸು, ಔಷಧಿ ಯಾವ್ದು ಎಷ್ಟು ಅಂತ ಅವ್ರೇ ಹೇಳ್ಲಿ, ಯೂಟ್ಯೂಬ್ ನಂಬಿ ಹೊಡೀಬೇಡ. ಎಲೆಚುಕ್ಕೆ ಶಿಲೀಂಧ್ರದ ಕಾಯಿಲೆ, ಗಾಳಿ ಮಳೇಲಿ ಹರಡೋದು. ಕೊಳೆಗೆ ನಾವು 100 ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ ಒಂದು ಕೇಜಿ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿ ಮಳೆ ಹಿಡಿಯೋ ಮುಂಚೆನೇ ಹೊಡೀತೀವಲ್ಲ, ಯಾಕಂದ್ರೆ ಮಳೆ ಹಿಡಿದ್ಮೇಲೆ ಕೊನೆಗಾರ ಮರ ಹತ್ತಲ್ಲ. ಎಲೆಚುಕ್ಕೆಗೂ ಹಂಗೇ ಹೊತ್ತು ಅಂತ ಒಂದಿದೆ.

ಮೇಲಿನತೋಟ
ಎಲ್ರಿಗೂ ಥ್ಯಾಂಕ್ಸ್. ನೋಡೋದು ಬೇರೆ ನಿರ್ಧಾರ ಬೇರೆ ಅಂದಿದ್ದು ಸರಿಯಾಗಿ ತಾಗ್ತು. ಪಕ್ಕದ ಮನೆ ದೊಡ್ಡಪ್ಪಂಗೆ ಈಗಷ್ಟೇ ಫೋನ್ ಮಾಡ್ದೆ, ನಾಳೆ ಹಾಲು ಡೈರಿಗೆ ಹಾಕಿ ಬರುವಾಗ ನಮ್ಮನೆ ಕಡೆ ಬರ್ತಾರಂತೆ. ಅವ್ರೇ ಮನೆ ಬಾಗಿಲಿಗೆ ಬಂದ್ರೆ ತಪ್ಪಿಸ್ಕೊಳ್ಳೋಕಾಗಲ್ಲ. ಆದ್ರೆ ಇಷ್ಟು ದಿನ ಹಾಳು ಮಾಡಿದ್ನಲ್ಲ ಅಂತ ಒಳಗೊಳಗೇ ಬೈಕೊಳ್ತಿದೀನಿ, ನಿದ್ದೆನೂ ಸರಿ ಬರ್ತಿಲ್ಲ. ಆ ಕಾಗದಕ್ಕೆ ಎಂತ ಮಾಡೋದು?

ಸಾಗರದಕ್ಕ
ಬೈಕೊಳ್ಳೋದು ಬಿಡು, ಅದರಿಂದ ಲಾಭ ಇಲ್ಲ. ಕೆನಡಾದಲ್ಲಿ 2010ರ ಒಂದು ಅಧ್ಯಯನ ಇದೆ, ಮೊದಲ್ನೇ ಪರೀಕ್ಷೆಗೆ ಓದೋದು ಮುಂದೂಡಿದ್ದಕ್ಕೆ ತಮ್ಮನ್ನ ತಾವು ಕ್ಷಮಿಸ್ಕೊಂಡ ಮಕ್ಕಳು ಎರಡನೇ ಪರೀಕ್ಷೆಗೆ ಕಮ್ಮಿ ಮುಂದೂಡಿದ್ರು. ಕಾಗದಾನ ಅಪ್ಪಯ್ಯನ ಎದ್ರಿಗೇ ಒಡಿ, ಕಾಫಿ ಹೊತ್ತಲ್ಲಿ. ಸಾಲ ಅವ್ರಿಗೂ ಗೊತ್ತಿರೋದೇ, ನೀನೊಬ್ನೇ ಯಾಕೆ ಹೊರ್ತೀಯ. ಕಟ್ಟೋ ಕೊನೇ ದಿನ ಯಾವಾಗ ಅಂತ ಕ್ಯಾಲೆಂಡರಲ್ಲಿ ಬರ್ಕೊಂಡ್ರೆ ಅವತ್ತಿಗೆ ಸಾಕು. ಮತ್ತೆ ನಿದ್ದೆ ಇಲ್ದೇ ಇರೋದು ಹಿಂಗೇ ಮುಂದುವರಿದ್ರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಕಾನುಕೋಳಿ
ಆಯ್ತು ಮಾರಾಯ, ಬಿರುಸಾಗಿ ಹೇಳಿದೆ, ಬೇಜಾರಾಗ್ಬೇಡ. ಔಷಧಿ ಹೊಡೆಯೋ ಹಂಗಾದ್ರೆ ಹೇಳು, ನಮ್ಮನೇಲಿ ಫೈಬರ್ ದೋಟಿ (ಕೆಳಗೆ ನಿಂತೇ ಹೊಡೆಯೋ ಉದ್ದನೆ ಕೋಲು) ಇದೆ, ಕೊನೆಗಾರನ್ನ ಕಾಯೋದು ಬೇಡ. ಉದ್ದ ಎಷ್ಟು ಬೇಕು, ಮರ ಹಳೇದಾ ಹೊಸದಾ?