11-28 ಕ್ಯಾಸೆಟ್ ತೆಗೆದು 11-34 ಹಾಕಿದರೆ ಹಳೆಯ ಚೈನ್ ಸಾಲುವುದೇ?

ಪ್ರಶ್ನೆ (ಚಿಕ್ಕಮಗಳೂರಿನಿಂದ):
ಎಲ್ಲರಿಗೂ ನಮಸ್ಕಾರ. ನನ್ನ ರೋಡ್ ಸೈಕಲ್ಲಿಗೆ ಮುಂದೆ 50 ಮತ್ತು 34 ಹಲ್ಲುಗಳ ಚೈನ್‌ರಿಂಗ್, ಹಿಂದೆ 11 ಸ್ಪೀಡಿನ 11-28 ಕ್ಯಾಸೆಟ್ (11ರಿಂದ 28 ಹಲ್ಲುಗಳವರೆಗಿನ ಹಲ್ಲುಚಕ್ರಗಳ ಗುಚ್ಛ) ಇವೆ. ಊರಿನ ಸುತ್ತಮುತ್ತ ಇಷ್ಟು ಸಾಕು. ಆದರೆ ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಹಿಡಿದರೆ ಅತಿ ಹಗುರವಾದ ಗೇರಿನಲ್ಲೂ ಪೆಡಲ್ ತುಳಿಯುವುದು ಕಷ್ಟವಾಗಿ ಮಂಡಿ ನೋಯುತ್ತದೆ. ಆದ್ದರಿಂದ ಶಿಮಾನೊ ಎಚ್‌ಜಿ700 11-34 ಕ್ಯಾಸೆಟ್ ತರಿಸಿದ್ದೇನೆ. ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಶಿಮಾನೊ 105 ಆರ್7000, ಚಿಕ್ಕ ಕೇಜಿನದು (ಕೇಜ್ ಅಂದರೆ ಚೈನನ್ನು ಬಿಗಿಯಾಗಿ ಹಿಡಿಯುವ ಎರಡು ಗಾಲಿಗಳ ಚೌಕಟ್ಟು). ಕ್ಯಾಸೆಟ್ ಒಂದನ್ನೇ ಬದಲಿಸಿದರೆ ಸಾಕು, ಚೈನ್ ಹಾಗೆಯೇ ಇರಲಿ ಎಂದು ಇಲ್ಲಿನ ಅಂಗಡಿಯೊಂದರಲ್ಲಿ ಹೇಳಿದರು. ಅದು ಸರಿಯೇ?

ಉತ್ತರ 1 (ಹಾಸನದಿಂದ):
ದಯವಿಟ್ಟು ಹಾಗೆ ಮಾಡಬೇಡಿ ಸರ್. ಚೈನಿಗಿಂತ ಮೊದಲು ಡಿರೇಲರ್ ನೋಡಬೇಕು. ಆರ್7000 ಚಿಕ್ಕ ಕೇಜಿಗೆ ಶಿಮಾನೊ ಒಪ್ಪುವ ದೊಡ್ಡ ಹಲ್ಲುಚಕ್ರ 30, ಒಟ್ಟು ಸಾಮರ್ಥ್ಯ, ಅಂದರೆ ಅದು ನಿಭಾಯಿಸಬಲ್ಲ ಹಿಂದು-ಮುಂದಿನ ಹಲ್ಲುಗಳ ಒಟ್ಟು ಅಂತರ, 35. ಮುಂದಿನ ಎರಡು ರಿಂಗುಗಳ ಅಂತರ 16, 11-34 ಕ್ಯಾಸೆಟ್ಟಿನ ಅಂತರ 23, ಕೂಡಿದರೆ 39. ಅದೇ ಆರ್7000ನ ಉದ್ದ ಕೇಜ್, ಅಂದರೆ ಜಿಎಸ್, 34ರವರೆಗೆ ಹೋಗುತ್ತದೆ ಮತ್ತು ಅದರ ಸಾಮರ್ಥ್ಯ ಸರಿಯಾಗಿ 39. ಬಿ-ಸ್ಕ್ರೂ (ಡಿರೇಲರನ್ನು ಹಲ್ಲುಚಕ್ರದಿಂದ ದೂರ ಸರಿಸುವ ತಿರುಪು) ಬಿಗಿದು ಚಿಕ್ಕ ಕೇಜಿನಲ್ಲೇ 32 ಓಡಿಸುವವರಿದ್ದಾರೆ; 34ಕ್ಕೆ ನಾನು ಆ ಸಲಹೆ ಕೊಡಲಾರೆ.

ಇನ್ನು ಚೈನ್. ಅದು ಹಲ್ಲುಚಕ್ರದ ಅರ್ಧ ಸುತ್ತನ್ನು ಮಾತ್ರ ಅಪ್ಪಿಕೊಳ್ಳುವುದರಿಂದ 6 ಹಲ್ಲು ಹೆಚ್ಚಾದರೆ 3 ಕೊಂಡಿಗಳು ಹೆಚ್ಚು ಬೇಕು. ಅರ್ಧ ಇಂಚಿನ ಈ ಕೊಂಡಿಗಳು ಒಳಗಿನದು, ಹೊರಗಿನದು ಎಂದು ಜೋಡಿಯಾಗಿಯೇ ಬರುವುದರಿಂದ ಲೆಕ್ಕ ಸಮಸಂಖ್ಯೆಗೆ ಏರುತ್ತದೆ. ಹಿಂಚಕ್ರದ ಅಚ್ಚಿನಿಂದ ಪೆಡಲ್ ತೋಳುಗಳು ತಿರುಗುವ ಅಚ್ಚಿನವರೆಗೆ 410 ಮಿ.ಮೀ. ಇರುವ ಸೈಕಲ್ಲಿಗೆ 50-28ರಲ್ಲಿ (ಮುಂದೆ 50, ಹಿಂದೆ 28 ಹಲ್ಲು) 106 ಕೊಂಡಿ ಸಾಕಾದರೆ 50-34ಕ್ಕೆ 110 ಬೇಕು. ಲೆಕ್ಕದ ಮೇಲೆ ನಂಬಿಕೆ ಬಾರದಿದ್ದರೆ ಡಿರೇಲರಿನೊಳಗೆ ತೂರಿಸದೆ ಚೈನನ್ನು ಮುಂದಿನ ದೊಡ್ಡ ರಿಂಗ್ ಮತ್ತು ಹಿಂದಿನ ದೊಡ್ಡ ಚಕ್ರದ ಮೇಲೆ ಹಾಯಿಸಿ, ತುದಿಗಳು ಸೇರುವ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ.

ಚೈನ್ ಗಿಡ್ಡವಾಗಿದ್ದು, ದಣಿದ ಹೊತ್ತಿನಲ್ಲಿ ಅರಿಯದೆ 50-34 ಗೇರು ಬಿದ್ದರೆ ಡಿರೇಲರ್ ಪೂರ್ತಿ ಎಳೆದುಕೊಂಡು ಹ್ಯಾಂಗರ್ (ಅದನ್ನು ಸೈಕಲ್ಲಿನ ಚೌಕಟ್ಟಿಗೆ ಹಿಡಿದಿಡುವ ತುಂಡು) ಮುರಿಯಬಹುದು. ಬಿಸಿಲೆ ಘಾಟಿಯಲ್ಲಿ ನನಗೆ ಹಾಗೆಯೇ ಆಯಿತು. ಸೈಕಲ್ಲನ್ನು ಜೀಪಿನ ಮೇಲೆ ಹೇರಿಕೊಂಡು ಹಿಂದಿರುಗಬೇಕಾಯಿತು.

ಉತ್ತರ 2 (ಚಿಕ್ಕಮಗಳೂರಿನಿಂದ):
ಒಂದು ಮಾತು ಸೇರಿಸುತ್ತೇನೆ. ಎಚ್‌ಜಿ700 ಕ್ಯಾಸೆಟ್ಟನ್ನು 11 ಸ್ಪೀಡಿನ ರೋಡ್ ಹಬ್ಬಿಗೆ (ಹಿಂಚಕ್ರದ ನಡುಭಾಗಕ್ಕೆ) ಹಾಕುವಾಗ ಅದರ ಹಿಂದೆ 1.85 ಮಿ.ಮೀ. ಸ್ಪೇಸರ್ (ತೆಳು ಉಂಗುರ) ಇರಲೇಬೇಕು, ಇಲ್ಲದಿದ್ದರೆ ಲಾಕ್‌ರಿಂಗ್ ಬಿಗಿದ ಮೇಲೂ ಕ್ಯಾಸೆಟ್ ಅಲುಗುತ್ತದೆ. ಹಳೆಯ ಚೈನಿಗೆ ಹೊಸ ತುಂಡು ಜೋಡಿಸುವ ಮೊದಲು 24 ಕೊಂಡಿಗಳ ಉದ್ದ ಅಳೆಯಿರಿ. ಹೊಸದರಲ್ಲಿ ಅದು 304.8 ಮಿ.ಮೀ. ಇರುತ್ತದೆ, ಒಂದೂವರೆ ಮಿ.ಮೀ. ಬೆಳೆದಿದ್ದರೆ ಚೈನನ್ನೇ ಬದಲಿಸಿ, ಸವೆದ ಚೈನ್ ಹೊಸ ಹಲ್ಲುಗಳನ್ನೂ ಬೇಗ ತಿಂದುಹಾಕುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಳೆದಾಗ 306.5 ಬಂದಿದ್ದರಿಂದ 116 ಕೊಂಡಿಗಳ ಹೊಸ ಚೈನ್ ತಂದು, 110ಕ್ಕೆ ಕತ್ತರಿಸಿ, ಜಿಎಸ್ ಡಿರೇಲರ್ ಹಾಕಿಸಿದೆ. 34-11ರಲ್ಲಿ (ಮುಂದೆ 34, ಹಿಂದೆ 11) ಚೈನ್ ಸಡಿಲವಾಗಿದ್ದರೂ ಜೋತುಬಿದ್ದಿಲ್ಲ. ಭಾನುವಾರ ಗಿರಿಯ ಏರಿನಲ್ಲಿ ಗಂಟೆಗೆ ಏಳೂವರೆ ಕಿ.ಮೀ. ವೇಗದಲ್ಲಿ, ಮೊದಲು ನಿಮಿಷಕ್ಕೆ 49 ಸುತ್ತು ತುಳಿಯುತ್ತಿದ್ದ ಕಡೆ ಈಗ 60 ಸುತ್ತು ತುಳಿದೆ; ಮಂಡಿ ನೋಯಲಿಲ್ಲ. 34ರ ಚಕ್ರಕ್ಕೆ ಬಂದಾಗ ಮಾತ್ರ ಡಿರೇಲರಿನ ಮೇಲಿನ ಗಾಲಿ ಹಲ್ಲಿಗೆ ತಾಗಿದಂತೆ ಗರಗರ ಸದ್ದು ಬರುತ್ತದೆ.

ಉತ್ತರ 1:
ಬಿ-ಸ್ಕ್ರೂವನ್ನು ಅರ್ಧರ್ಧ ಸುತ್ತು ಬಿಗಿಯುತ್ತಾ, ಪೆಡಲನ್ನು ಹಿಂದಕ್ಕೂ ತಿರುಗಿಸಿ ನೋಡಿ ಸರ್. ಸದ್ದು ನಿಂತ ಕೂಡಲೇ ನಿಲ್ಲಿಸಿ. ಅದಕ್ಕಿಂತ ಹೆಚ್ಚು ಬಿಗಿದರೆ ಚಿಕ್ಕ ಹಲ್ಲುಗಳಲ್ಲಿ ಗೇರು ತಡವಾಗಿ ಬೀಳುತ್ತದೆ.